ಹಳೇ ಬ್ಲೂಸ್, ಸೋಲ್ ಹಾಡು ಮತ್ತು ಇಂಟರ್‌ನೆಟ್ಟಿನಲ್ಲಿ ಸಿಕ್ಕ ವಿಚಿತ್ರಗಳು: ರಾಯಚೂರು, ಕೊಪ್ಪಳ, ಬಳ್ಳಾರಿಯವರು ಬನ್ನಿ

ಹತ್ತಿ ಬಜಾರ್ (ರಾಯಚೂರು)

ಎಲ್ಲರಿಗೂ ನಮಸ್ಕಾರ. ಈ ಥ್ರೆಡ್‌ಗೆ ಒಂದೇ ನಿಯಮ. ಅಮೆರಿಕದ ಕರಿಯ ಜನ ಕಟ್ಟಿದ ಹಳೇ ಬ್ಲೂಸ್ ಅಥವಾ ಸೋಲ್ ಹಾಡು ಒಂದು ಹಾಕಿ. ಜೊತೆಗೆ ಇಂಟರ್‌ನೆಟ್ಟಿನಲ್ಲಿ ಕಣ್ಣಿಗೆ ಬಿದ್ದ ವಿಚಿತ್ರ ಸಂಗತಿ ಒಂದು ಹಾಕಿ. ಬರೀ ಲಿಂಕ್ ಬೇಡ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಅಷ್ಟಾದರೂ ಬರೆಯಿರಿ. ಹಾಡಿದವರ ಹೆಸರಿಲ್ಲದೆ ಹಾಡು ಓಡಾಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೊದಲನೆಯದು ನನ್ನದು. ಚಾರ್ಲಿ ಪ್ಯಾಟನ್, ಮಿಸಿಸಿಪ್ಪಿಯವನು. 1929ರ ಜೂನ್‌ನಲ್ಲಿ ರೆಕಾರ್ಡ್ ಆದ ಹಾಡು, 'ಮಿಸಿಸಿಪ್ಪಿ ಬೋ ವೀವಿಲ್ ಬ್ಲೂಸ್'. ಹತ್ತಿಗೆ ಬಿದ್ದ ಹುಳುವಿನ ಮೇಲೆ ಕಟ್ಟಿದ್ದು. ಉದ್ದ ಮೂತಿಯ ಸಣ್ಣ ಹುಳು ಅದು. ಮೆಕ್ಸಿಕೋದಿಂದ 1892ರ ಸುಮಾರಿಗೆ ಟೆಕ್ಸಾಸ್‌ಗೆ ಬಂತು. ಅಲ್ಲಿಂದ ವರ್ಷ ವರ್ಷವೂ ಪೂರ್ವಕ್ಕೆ ಸರಿಯುತ್ತಾ ಹತ್ತಿ ಸೀಮೆಯನ್ನೆಲ್ಲ ಹಾಳು ಮಾಡಿತು. ಪ್ಯಾಟನ್ ಆ ಹುಳುವನ್ನೇ ಮಾತಾಡಿಸುತ್ತಾನೆ. ನಿನ್ನ ಊರು ಯಾವುದು ಅಂತ ಕೇಳುತ್ತಾನೆ. ಗುಲಾಬಿ ಕಾಯಿಕೊರಕ ಬಂದ ವರ್ಷ ನಮ್ಮ ಎಪಿಎಂಸಿಯಲ್ಲಿ ರೈತರ ಮುಖ ನೋಡಿದವರಿಗೆ ಈ ಹಾಡು ತಕ್ಷಣ ಅರ್ಥವಾಗುತ್ತದೆ. ನಮ್ಮ ಕಾಯಿಕೊರಕ ಬೇರೆ ಜಾತಿ, ಅದು ಪತಂಗದ ಮರಿ. ಆದರೆ ಕಾಯಿ ಒಡೆದು ನೋಡಿದಾಗ ಒಳಗೆ ಕಾಣುವ ಕಪ್ಪು ಹೊಲಸು, ಅರಳದೆ ಗಂಟಾದ ಅರಳೆ, ಅದು ಎರಡೂ ಕಡೆ ಒಂದೇ.

ಇನ್ನು ವಿಚಿತ್ರ. ಅಲಬಾಮಾದ ಎಂಟರ್‌ಪ್ರೈಸ್ ಅನ್ನುವ ಊರಿನಲ್ಲಿ ಈ ಹುಳುವಿಗೆ ಸ್ಮಾರಕ ಕಟ್ಟಿದ್ದಾರೆ! 1919ರಲ್ಲಿ, ನಡುಬೀದಿಯಲ್ಲಿ. ಹತ್ತಿ ಹೋದ ಮೇಲೆ ಅಲ್ಲಿಯ ರೈತರು ಶೇಂಗಾ ಹಾಕಿದರು. ಅದರಲ್ಲಿ ದುಡ್ಡು ಕಂಡರು. ಹುಳು ಬರದಿದ್ದರೆ ನಾವು ಬೆಳೆ ಬದಲಿಸುತ್ತಿರಲಿಲ್ಲ ಅಂತ ಅದಕ್ಕೆ ಕೃತಜ್ಞತೆ ಬರೆಸಿದರು. ಮೊದಲು ಬರೀ ಹೆಂಗಸಿನ ಪ್ರತಿಮೆ ಇತ್ತು. ಅವಳ ಎತ್ತಿದ ಕೈಯ ಮೇಲೆ ಹುಳುವನ್ನು ಕೂರಿಸಿದ್ದು 1949ರಲ್ಲಿ. ಫೋಟೋ ಹುಡುಕಿ ನೋಡಿ, ನಂಬುವುದೇ ಕಷ್ಟ.

ಸಿಂಧನೂರು ಕಾಲುವೆ

ಅಣ್ಣ, ಹುಳುವಿನ ಪ್ರತಿಮೆ ಮನೆಯವರಿಗೆಲ್ಲ ತೋರಿಸಿದೆ. ನಮ್ಮಪ್ಪ ಸುಮ್ನೆ ನೋಡುತ್ತಾ ಕೂತರು. ಆಮೇಲೆ "ಶೇಂಗಾಕ್ಕೆ ರೇಟ್ ಸಿಕ್ಕಿರಬೇಕು ಬಿಡು" ಅಂದರು.

ಹಾಡು ಕೇಳಿದೆ. ಆದರೆ ಒಗ್ಗರಣೆ ಸಿಡಿದ ಹಾಗೆ ಚಟಪಟ ಸದ್ದು. ಮಾತೇ ಕೇಳಿಸುವುದಿಲ್ಲ. ಯಾಕೆ ಇಷ್ಟು ಗದ್ದಲ? ಅದೇ ಕಾಲದ ಬೇರೆ ರೆಕಾರ್ಡುಗಳು ಇಷ್ಟು ಕೆಟ್ಟಿಲ್ಲ ಅಲ್ವಾ?

ಕೌಲ್ ಬಜಾರ್ ರೇಡಿಯೋ (ಬಳ್ಳಾರಿ)

ಇದಕ್ಕೆ ನಾನು ಹೇಳುತ್ತೇನೆ. ರೇಡಿಯೋ, ಗ್ರಾಮಫೋನ್ ರಿಪೇರಿ ನನ್ನ ಕಸುಬು.

ಆಗಿನ ರೆಕಾರ್ಡ್ ತಟ್ಟೆ ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಮರದ ಕೊಂಬೆಗೆ ಅಂಟುವ ಅರಗಿನ ಹುಳು ಬಿಡುವ ಅಂಟು ಅದು. ಜಗತ್ತಿಗೆ ಅದನ್ನು ಜಾಸ್ತಿ ಕಳಿಸುತ್ತಿದ್ದುದು ನಮ್ಮ ದೇಶ, ಛೋಟಾ ನಾಗಪುರದ ಕಡೆಯ ಕಾಡುಗಳು. ಅರಗಿಗೆ ಕಲ್ಲಿನ ಪುಡಿ, ಕಪ್ಪು ಮಸಿ ಬೆರೆಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತಿದ್ದರು. ಕಲ್ಲಿನ ಪುಡಿ ಸುಮ್ನೆ ಹಾಕುತ್ತಿರಲಿಲ್ಲ. ಉಕ್ಕಿನ ಸೂಜಿಯ ತುದಿಯನ್ನು ಅದು ಸವೆಸಿ ಗೀರಿಗೆ ಹೊಂದಿಸುತ್ತದೆ. ಅದಕ್ಕೇ ಒಂದು ಬದಿ ಮುಗಿದರೆ ಸೂಜಿ ಬಿಸಾಕಿ ಹೊಸದು ಹಾಕಬೇಕು. ಜನ ಹಾಗೆ ಮಾಡುತ್ತಿರಲಿಲ್ಲ. ಅದೇ ಸೂಜಿ ಮತ್ತೆ ಮತ್ತೆ ಓಡಿಸಿ ತಟ್ಟೆಯನ್ನೇ ಉಳುತ್ತಿದ್ದರು.

ಪ್ಯಾಟನ್‌ದು ಇನ್ನೂ ಕೆಟ್ಟದಾಗಲು ಬೇರೆ ಕಾರಣವಿದೆ. ಅವನನ್ನು ರೆಕಾರ್ಡ್ ಮಾಡಿದ ಪ್ಯಾರಾಮೌಂಟ್ ಕಂಪನಿ ಹುಟ್ಟಿದ್ದು ಒಂದು ಕುರ್ಚಿ ಕಾರ್ಖಾನೆಯಿಂದ. ವಿಸ್ಕಾನ್ಸಿನ್ ಚೇರ್ ಕಂಪನಿ. ಅವರು ಗ್ರಾಮಫೋನಿನ ಮರದ ಪೆಟ್ಟಿಗೆ ಮಾಡುತ್ತಿದ್ದರು. ಪೆಟ್ಟಿಗೆ ಮಾರಾಟವಾಗಲಿ ಅಂತ ತಟ್ಟೆ ಮಾಡಲು ಶುರು ಮಾಡಿದರು. ಖರ್ಚು ಉಳಿಸಲು ಅಗ್ಗದ ಮಾಲು ಹಾಕಿದರು. ಹಾಗಾಗಿ ಹೊಸ ತಟ್ಟೆಯೇ ಕರಕರ ಅನ್ನುತ್ತಿತ್ತು. ಒಂದು ಕಡೆಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ರಾತ್ರಿಯಿಡೀ ಕುಣಿಸುವ ಹಾಡುಗಾರರು ಮೂರು ನಿಮಿಷಕ್ಕೆ ತಮ್ಮನ್ನು ಕತ್ತರಿಸಿಕೊಂಡಿದ್ದಾರೆ. ಕೇಳುವಾಗ ಇದು ನೆನಪಿರಲಿ.

ವಿಚಿತ್ರವೂ ಇದೇ ತಟ್ಟೆಯದು. ಹುಳುವಿನ ಹಾಡನ್ನು ಮಾರಾಟಕ್ಕೆ ಬಿಟ್ಟಾಗ ಅದರ ಮೇಲೆ ಪ್ಯಾಟನ್ ಹೆಸರೇ ಹಾಕಲಿಲ್ಲ. 'ಮುಸುಕಿನ ಗಾಯಕ' ಅನ್ನುವ ಹಾಗೆ ಒಂದು ಹೆಸರು ಕೊಟ್ಟರು. ಯಾರೆಂದು ಹೇಳಿದವರಿಗೆ ಒಂದು ರೆಕಾರ್ಡ್ ಫ್ರೀ ಅಂತ ಪಂದ್ಯ ಇಟ್ಟರು.

ಹೆಡ್‌ಫೋನ್ ಹಾಕಿಕೊಂಡು, ಸದ್ದು ಕಡಿಮೆ ಇಟ್ಟು ಕೇಳಿ. ಎರಡನೇ ಸಲಕ್ಕೆ ಕಿವಿ ಗದ್ದಲವನ್ನು ಬಿಟ್ಟು ದನಿಯನ್ನು ಹಿಡಿಯುತ್ತದೆ.

ಕೊಪ್ಪಳದ ಟೀಚರಕ್ಕ

ನೀವೆಲ್ಲ ಬ್ಲೂಸ್ ಹಿಂದೆ ಬಿದ್ದಿದ್ದೀರಿ. ಸೋಲ್ ಕಡೆಯಿಂದ ನಾನು.

ಓಟಿಸ್ ರೆಡ್ಡಿಂಗ್, ಜಾರ್ಜಿಯಾದವನು. 1962ರಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋಗೆ ಬಂದದ್ದು ಹಾಡಲು ಅಲ್ಲ. ಜಾನಿ ಜೆಂಕಿನ್ಸ್ ಅನ್ನುವ ಗಿಟಾರ್ ವಾದಕನ ಕಾರು ಓಡಿಸಿಕೊಂಡು ಬಂದಿದ್ದ. ಜೆಂಕಿನ್ಸ್‌ದು ಆ ದಿನ ಸರಿ ಹೋಗಲಿಲ್ಲ. ಕೊನೆಗೆ ಸ್ವಲ್ಪ ಹೊತ್ತು ಉಳಿದಿತ್ತು. ಡ್ರೈವರ್ ಒಂದು ಹಾಡು ಹಾಡುತ್ತಾನಂತೆ, ಕೇಳೋಣ ಅಂದರು. ಅವನು 'ದೀಸ್ ಆರ್ಮ್ಸ್ ಆಫ್ ಮೈನ್' ಹಾಡಿದ. ಆ ಸಾಲುಗಳ ಕೊನೆಯಲ್ಲಿ ಅವನ ದನಿ ಒಡೆಯುವುದನ್ನು ಕೇಳಿ. ನಾನು ಎಷ್ಟು ಸಲ ಕೇಳಿದರೂ ಕೆಲಸ ನಿಲ್ಲಿಸಿ ಕೂರುತ್ತೇನೆ.

1967ರ ಡಿಸೆಂಬರ್ 10ರಂದು ವಿಮಾನ ಕೆರೆಗೆ ಬಿದ್ದು ತೀರಿಕೊಂಡ. ವಯಸ್ಸು 26. 'ಡಾಕ್ ಆಫ್ ದ ಬೇ' ರೆಕಾರ್ಡ್ ಮಾಡಿ ಕೆಲವೇ ದಿನ ಆಗಿತ್ತು. ಅದರ ಕೊನೆಗೆ ಶಿಳ್ಳೆ ಬರುತ್ತದೆ, ಗೊತ್ತಲ್ಲ? ಅಲೆಗಳ ಸದ್ದು, ಹಕ್ಕಿಗಳ ಸದ್ದು ಸೇರಿಸಿದ್ದು ಅವನು ಹೋದ ಮೇಲೆ, ಅವನ ಜೊತೆಗಾರ ಸ್ಟೀವ್ ಕ್ರಾಪರ್.

ವಿಚಿತ್ರ: ಸ್ಟ್ಯಾಕ್ಸ್ ಸ್ಟುಡಿಯೋ ಒಂದು ಹಳೇ ಸಿನಿಮಾ ಟಾಕೀಸು. ಸೀಟು ಕಿತ್ತರು, ಇಳಿಜಾರು ನೆಲ ಹಾಗೇ ಬಿಟ್ಟರು. ಯಂತ್ರಗಳ ಕೋಣೆ ಇದ್ದುದು ಪರದೆ ಇದ್ದ ವೇದಿಕೆಯ ಮೇಲೆ. ತಿಂಡಿ ಮಾರುತ್ತಿದ್ದ ಜಾಗ ರೆಕಾರ್ಡ್ ಅಂಗಡಿಯಾಯಿತು. ಓರೆ ನೆಲ, ದೊಡ್ಡ ಕೋಣೆ, ಅದರಿಂದಲೇ ಆ ಡ್ರಮ್ಮಿಗೆ ಅಷ್ಟು ತೂಕ ಬಂತು ಅನ್ನುತ್ತಾರೆ. 1989ರಲ್ಲಿ ಕಟ್ಟಡ ಕೆಡವಿದರು. ಆಮೇಲೆ ಅದೇ ಜಾಗದಲ್ಲಿ ಮ್ಯೂಸಿಯಂ ಕಟ್ಟಿ 2003ರಲ್ಲಿ ತೆರೆದರು. ನಮ್ಮಲ್ಲಿ ಟಾಕೀಸು ಮುಚ್ಚಿದರೆ ಗೋಡೌನು, ಇಲ್ಲವೇ ಕಲ್ಯಾಣ ಮಂಟಪ. ಒಂದಾದರೂ ಹಾಡಿನ ಮನೆ ಆಗಬಾರದೇ?

ಆನೆಗೊಂದಿ ದಂಡೆ

ಅಕ್ಕ, ನಿಮ್ಮ ಡ್ರೈವರ್ ಕಥೆ ಮನಸ್ಸಿಗೆ ಹತ್ತಿತು.

ನಾನು ಮತ್ತೆ ಪ್ಯಾಟನ್ ಕಡೆ ಹೋಗುತ್ತೇನೆ. 1927ರಲ್ಲಿ ಮಿಸಿಸಿಪ್ಪಿ ಹೊಳೆ ಒಡ್ಡು ಒಡೆದು ಊರೂರು ಮುಳುಗಿತು. ಅದರ ಮೇಲೆ ಅವನು 1929ರಲ್ಲಿ 'ಹೈ ವಾಟರ್ ಎವ್ರಿವೇರ್' ಹಾಡಿದ. ಮೂರು ನಿಮಿಷ ಸಾಲಲಿಲ್ಲ. ತಟ್ಟೆಯ ಎರಡೂ ಬದಿ ತೆಗೆದುಕೊಂಡ. ನೀರು ಹೋದ ಊರುಗಳ ಹೆಸರನ್ನು ಹೇಳುತ್ತಾ ಹೋಗುತ್ತಾನೆ. ಗ್ರೀನ್‌ವಿಲ್, ಲೀಲ್ಯಾಂಡ್, ರೋಸ್‌ಡೇಲ್. ಕೈಯಿಂದ ಗಿಟಾರಿನ ಮೈ ಬಡಿಯುತ್ತಾನೆ. ಕರಿಯರನ್ನು ಗುಡ್ಡದ ಕಡೆ ಬಿಡುವುದಿಲ್ಲ, ಅಲ್ಲಿ ಅಡ್ಡ ಹಾಕಿದ್ದಾರೆ ಅನ್ನುತ್ತಾನೆ. ನೆರೆಯಲ್ಲೂ ಯಾರು ಮೊದಲು ಬದುಕಬೇಕು ಅನ್ನುವ ಲೆಕ್ಕ ಇತ್ತು ಅನ್ನುವುದು ಆ ಒಂದು ಸಾಲಿನಲ್ಲಿ ಇದೆ.

2009ರ ನೆರೆ ನಮ್ಮ ಮೂರೂ ಜಿಲ್ಲೆಗೆ ನೆನಪಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿ ಹೋದಾಗ ನಾವು ದಂಡೆಯವರು ನಿದ್ದೆ ಮಾಡಲಿಲ್ಲ. ಕಂಪ್ಲಿ ಸೇತುವೆ, ವಿರೂಪಾಪುರ ಗಡ್ಡೆ, ಎಲ್ಲಿ ಎಷ್ಟು ನೀರು ಅಂತ ಫೋನಿನ ಮೇಲೆ ಫೋನು. ಹೆಸರುಗಳದೇ ಒಂದು ಪಟ್ಟಿ. ಈ ಹಾಡು ಕೇಳಿದರೆ ಆ ರಾತ್ರಿಯ ಫೋನುಗಳೇ ಕೇಳಿಸುತ್ತವೆ. ನಮ್ಮಲ್ಲಿ ಯಾರಾದರೂ ಅದರ ಮೇಲೆ ಪದ ಕಟ್ಟಿದ್ದಾರಾ? ನಿಜವಾಗಿ ಕೇಳುತ್ತಿದ್ದೇನೆ.

ಸಂಡೂರು ಗುಡ್ಡ

ಒಂದು ಮಾತು ಹೇಳಲೇಬೇಕು. ಬೇಜಾರಾಗಬೇಡಿ.

ನೂರು ವರ್ಷದ ಹಿಂದಿನ ಅಮೆರಿಕದ ಗಾಯಕನ ಗಿಟಾರ್ ಬಡಿತದವರೆಗೆ ನಿಮಗೆ ಗೊತ್ತು. ನಮ್ಮ ತಾಲೂಕಿನ ದರೋಜಿ ಈರಮ್ಮ ಗೊತ್ತಾ? ಬುರ್ರಕಥಾ ಈರಮ್ಮ. ಅಕ್ಷರ ಕಲಿತವರಲ್ಲ. ಕುಮಾರರಾಮನ ಕಥೆಯಂಥ ದೊಡ್ಡ ಕಾವ್ಯಗಳನ್ನು ರಾತ್ರಿ ರಾತ್ರಿ ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ನಿಮ್ಮಲ್ಲಿ ಎಷ್ಟು ಜನ ಅವರದು ಒಂದು ಪೂರ್ತಿ ರಾತ್ರಿ ಕೇಳಿದ್ದೀರಿ? ಇಲ್ಲಿ ಹಾಕಲು ಎಷ್ಟು ಜನರ ಹತ್ತಿರ ಇದೆ?

ಬ್ಲೂಸ್ ನನಗೂ ಇಷ್ಟ. ಆದರೆ ಮನೆಯ ಹಾಡು ಹೋಗುತ್ತಿರುವಾಗ ಊರಾಚೆಯದನ್ನು ಜೋಪಾನ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಹತ್ತಿ ಬಜಾರ್ (ರಾಯಚೂರು)

ಸಂಡೂರಿನ ಅಣ್ಣ, ಬೇಜಾರಿಲ್ಲ. ಈ ಪ್ರಶ್ನೆ ಬರಲೇಬೇಕಿತ್ತು. ಈರಮ್ಮನವರ ಬಗ್ಗೆ ನೀವು ಬರೆಯಿರಿ, ಈ ಥ್ರೆಡ್‌ನಲ್ಲೇ ಬರೆಯಿರಿ.

ಲಿಂಗಸೂಗೂರು ರಾತ್ರಿ ಬಸ್

ಊರಾಚೆಯದು ಅನ್ನುವ ಮಾತಿಗೆ ನನ್ನದೊಂದು ಉತ್ತರ. ಸ್ವಲ್ಪ ಉದ್ದ ಆಗುತ್ತದೆ.

ಬ್ಲೂಸ್ ಅಂದರೆ ಗುಳೆ ಹೋದವರ ಹಾಡು. ನಾನು ಹಾಗೇ ಕೇಳುತ್ತೇನೆ. 1910ರಿಂದ 1970ರ ತನಕ ಸುಮಾರು 60 ಲಕ್ಷ ಕರಿಯ ಜನ ದಕ್ಷಿಣದ ಹತ್ತಿ ಹೊಲ ಬಿಟ್ಟು ಶಿಕಾಗೊ, ಡೆಟ್ರಾಯಿಟ್ ಕಡೆ ಹೋದರು. ಹೊಲ ಅವರದಲ್ಲ, ಪಾಲಿಗೆ ಮಾಡಿದ್ದು. ವರ್ಷದ ಕೊನೆಗೆ ಧಣಿಯ ಲೆಕ್ಕದ ಪುಸ್ತಕದಲ್ಲಿ ಯಾವಾಗಲೂ ಬಾಕಿ. ಜೊತೆಗೆ ಹೊಡೆತ, ಮರಕ್ಕೆ ನೇತು ಹಾಕಿ ಕೊಲ್ಲುವುದು. 1944ರಲ್ಲಿ ಕ್ಲಾರ್ಕ್ಸ್‌ಡೇಲ್ ಹತ್ತಿರದ ಹಾಪ್ಸನ್ ಅನ್ನುವ ದೊಡ್ಡ ಹೊಲದಲ್ಲಿ ಇಡೀ ಹತ್ತಿಯನ್ನು ಯಂತ್ರವೇ ಬಿಡಿಸಿತು. ಆಮೇಲೆ ಕೂಲಿಯೂ ಬೇಡವಾಯಿತು. ಜನ ರೈಲು ಹತ್ತಿದರು. ಅದಕ್ಕೇ ಬ್ಲೂಸ್ ತುಂಬಾ ರೈಲು. ಮೌತ್ ಆರ್ಗನ್ನಿನಲ್ಲಿ ರೈಲಿನ ಕೂಗು.

ಮಡ್ಡಿ ವಾಟರ್ಸ್ ಹೀಗೆ ಹೋದವನೇ. 1941ರಲ್ಲಿ ಆಲನ್ ಲೋಮ್ಯಾಕ್ಸ್, ಜಾನ್ ವರ್ಕ್ ಅನ್ನುವ ಇಬ್ಬರು ಅಮೆರಿಕದ ಸರ್ಕಾರಿ ಗ್ರಂಥಾಲಯದ ಪರವಾಗಿ ಅವನಿದ್ದ ಹೊಲಕ್ಕೇ ಯಂತ್ರ ಹೊತ್ತು ಹೋದರು. ಅವನ ಮನೆಯಲ್ಲೇ ಹಾಡಿಸಿ ತಟ್ಟೆ ಕೊರೆದರು. ತನ್ನ ದನಿಯನ್ನು ತಾನೇ ತಿರುಗಿ ಕೇಳಿದಾಗ, ನಾನೂ ಇದನ್ನು ಮಾಡಬಲ್ಲೆ ಅನ್ನಿಸಿತು ಅಂತ ಅವನು ಮುಂದೆ ಹೇಳಿಕೊಂಡ. 1943ರಲ್ಲಿ ಶಿಕಾಗೊಗೆ ಹೋದ. ಗದ್ದಲದ ಹೋಟೆಲುಗಳಲ್ಲಿ ಬರೀ ಗಿಟಾರ್ ಯಾರಿಗೂ ಕೇಳಿಸುವುದಿಲ್ಲ. ಕರೆಂಟಿನ ಗಿಟಾರ್ ಹಿಡಿದ. ಹಳ್ಳಿಯ ಹಾಡು ಪಟ್ಟಣದ ಹಾಡಾಯಿತು.

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹಬ್ಬ ಮುಗಿದ ಮಾರನೇ ದಿನ ನಿಂತು ನೋಡಿ. ಚೀಲದಲ್ಲಿ ರೊಟ್ಟಿ, ಪಾತ್ರೆ, ಸೊಂಟದಲ್ಲಿ ಕೂಸು. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಟವರು. ಮನೆಯಲ್ಲಿ ಮುದುಕರು, ಶಾಲೆ ಮಕ್ಕಳು ಮಾತ್ರ. ನಾನೂ ಹಾಗೆ ಹೋಗಿ ಬಂದವನೇ. ಬೆಂಗಳೂರಿನ ಶೆಡ್ಡಿನಲ್ಲಿ ರಾತ್ರಿ ಫೋನಿನಲ್ಲಿ ಮಡ್ಡಿ ವಾಟರ್ಸ್ ಕೇಳಿದಾಗ ಇಂಗ್ಲಿಷು ಸರಿಯಾಗಿ ತಿಳಿಯಲಿಲ್ಲ. ವಿಷಯ ತಿಳಿಯಿತು. ಅದು ನನಗೆ ಊರಾಚೆಯ ಹಾಡಲ್ಲ.

ಸಂಡೂರಿನ ಅಣ್ಣ ಹೇಳಿದ್ದು ಸರಿಯೇ. ಲೋಮ್ಯಾಕ್ಸ್ ಹೊಲಕ್ಕೆ ಹೋದ. ನಮ್ಮ ಕಡೆ ಹೊಲಕ್ಕೆ ಹೋಗಬೇಕಾದವರು ನಾವೇ.

ಸಂಡೂರು ಗುಡ್ಡ

ತಮ್ಮಾ, ನಿನ್ನ ಮಾತು ಓದಿ ಸುಮ್ಮನಾದೆ. ಹೋಗೋಣ ಹಾಗಾದರೆ.

ಮುದಗಲ್ ಕೋಟೆ

ನಾನು ಭಜನೆ ಮೇಳದಲ್ಲಿ ಹಾರ್ಮೋನಿಯಂ ಹಿಡಿಯುವವನು. ಮೊಹರಂನಲ್ಲಿ ನಮ್ಮೂರಲ್ಲಿ ಹಿಂದೂಗಳು, ಮುಸ್ಲಿಮರು ಸೇರಿ ರಿವಾಯತ್ ಪದ ಹಾಡುತ್ತೇವೆ. ಕರ್ಬಲಾದ ಕಥೆ, ಕನ್ನಡದಲ್ಲಿ.

ಬ್ಲೂಸ್‌ನಲ್ಲಿ ನನಗೆ ಹಿಡಿಸಿದ್ದು ಸಾಲಿನ ಲೆಕ್ಕ. ಒಂದು ಸಾಲು ಹಾಡುತ್ತಾರೆ. ಅದನ್ನೇ ಇನ್ನೊಮ್ಮೆ ಹಾಡುತ್ತಾರೆ. ಮೂರನೆಯದು ಅದಕ್ಕೆ ಉತ್ತರ. ತಾಳದ ಹನ್ನೆರಡು ಅಳತೆಗೆ (ಅವರು ಅದನ್ನು ಬಾರ್ ಅನ್ನುತ್ತಾರೆ) ಒಂದು ಸುತ್ತು. ಎರಡನೇ ಸಲ ಹಾಡುವಾಗ ಹಾಡುಗಾರನಿಗೆ ಮೂರನೇ ಸಾಲು ಹೊಳೆಯಲು ಹೊತ್ತು ಸಿಗುತ್ತದೆ. ನಮ್ಮಲ್ಲಿ ಆ ಹೊತ್ತು ಕೊಡುವವರು ಹಿಮ್ಮೇಳದವರು. ಅವರು ಪಲ್ಲ ತಿರುಗಿ ಹಾಡುವಷ್ಟರಲ್ಲಿ ಮುಂದಿನವ ನುಡಿ ಕಟ್ಟಿಕೊಳ್ಳುತ್ತಾನೆ. ಹಾಡು ಕಟ್ಟಿದವರಿಗೆ ಮಾತ್ರ ಈ ಹೊತ್ತಿನ ಬೆಲೆ ಗೊತ್ತು.

ಅಂದಹಾಗೆ ಬ್ಲೂಸ್ ಬರೀ ಗೋಳು ಅನ್ನುವವರಿಗೆ ಜಾನ್ ಲೀ ಹುಕರ್‌ನ 'ಬೂಗಿ ಚಿಲ್ಲನ್' ಕೇಳಿಸಿ. 1948ರದು. ಒಂದು ಗಿಟಾರ್, ನೆಲಕ್ಕೆ ಬಡಿಯುವ ಕಾಲು, ಅಷ್ಟೇ. ಶನಿವಾರ ರಾತ್ರಿ ಕುಣಿಯಲು ಮಾಡಿದ ಸಂಗೀತ ಇದು. ನಮ್ಮ ಹೆಜ್ಜೆ ಮೇಳದ ಹುಡುಗರಿಗೆ ಕೇಳಿಸಿದೆ. ಎರಡು ನಿಮಿಷದಲ್ಲಿ ಹೆಜ್ಜೆ ಹಾಕಿದರು.

ಕೊಪ್ಪಳದ ಟೀಚರಕ್ಕ

ಮುದಗಲ್ ಸರ್, ಹಾಗಾದರೆ ರೇ ಚಾರ್ಲ್ಸ್ ಸೇರಿಸಿ. 1954ರಲ್ಲಿ ಅವನು ಚರ್ಚಿನ ಹಾಡಿನ ಧಾಟಿ ತೆಗೆದುಕೊಂಡು ಹೆಣ್ಣಿನ ಮೇಲಿನ ಹಾಡು ಮಾಡಿದ. 'ಐ ಗಾಟ್ ಎ ವುಮನ್'. ಸೋಲ್ ಅನ್ನುವುದು ಹೀಗೇ ಶುರುವಾಯಿತು ಅನ್ನುತ್ತಾರೆ. ಚರ್ಚಿನ ಕೆಲವರಿಗೆ ಸಿಟ್ಟು ಬಂತು. ನಮ್ಮ ಭಜನೆ ಮೇಳದಲ್ಲಿ ಉಲ್ಟಾ. ಸಿನಿಮಾ ಧಾಟಿಗೆ ದೇವರ ಮಾತು ಕೂರಿಸುತ್ತಾರೆ. ಅದಕ್ಕೂ ಹಿರಿಯರು ಬಯ್ಯುತ್ತಾರೆ.

ಸಿಂಧನೂರು ಕಾಲುವೆ

ನನ್ನ ವಿಚಿತ್ರ ಇಲ್ಲಿದೆ. 1977ರಲ್ಲಿ ಅಮೆರಿಕದವರು ವಾಯೇಜರ್ ಬಾಹ್ಯಾಕಾಶ ನೌಕೆಗಳನ್ನು ಬಿಟ್ಟಾಗ ಅದರಲ್ಲಿ ಚಿನ್ನದ ಲೇಪದ ತಟ್ಟೆ ಇಟ್ಟರು. ಅದರಲ್ಲಿ ಬ್ಲೈಂಡ್ ವಿಲ್ಲಿ ಜಾನ್ಸನ್ ಇದ್ದಾನೆ. ಟೆಕ್ಸಾಸ್‌ನ ಕುರುಡ ಹಾಡುಗಾರ, 1927ರ ರೆಕಾರ್ಡು, 'ಡಾರ್ಕ್ ವಾಸ್ ದ ನೈಟ್'. ಅದರಲ್ಲಿ ಮಾತೇ ಇಲ್ಲ. ಬರೀ ಗುನುಗು, ಜೊತೆಗೆ ಗಿಟಾರಿನ ತಂತಿ ಜಾರಿಸುವುದು. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರ್ ಭೈರವಿಯೂ ಇದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಘರಾಣೆಯವರೇ. ನಾನು ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ನೀವೂ ಹಾಗೇ ಕೇಳಿ. ರಾತ್ರಿ ಕೇಳಿ.

ಇನ್ನೊಂದು, ಚಿಕ್ಕದು. ಭೂತಾನ್ 1972ರಲ್ಲಿ ಗ್ರಾಮಫೋನಿನಲ್ಲಿ ಹಾಕಿದರೆ ಹಾಡುವ ಅಂಚೆಚೀಟಿ ತಂದಿತ್ತು!

ಕೌಲ್ ಬಜಾರ್ ರೇಡಿಯೋ (ಬಳ್ಳಾರಿ)

ಅದಕ್ಕಿಂತ ಗಟ್ಟಿ ವಿಚಿತ್ರ ಹೇಳಲಾ? ಸೋವಿಯತ್ ರಷ್ಯಾದಲ್ಲಿ ಸರ್ಕಾರ ಬೇಡವೆಂದ ಹಾಡುಗಳನ್ನು ಜನ ಆಸ್ಪತ್ರೆಯ ಹಳೇ ಎಕ್ಸ್-ರೇ ಹಾಳೆಯ ಮೇಲೆ ಕದ್ದು ಕೊರೆಯುತ್ತಿದ್ದರು. ಪಕ್ಕೆಲುಬಿನ ಮೇಲೆ ಜಾಝ್ ಓಡುತ್ತಿತ್ತು. ಫೋಟೋಗಳಿವೆ. ಬೆಳಕಿಗೆ ಹಿಡಿದರೆ ಎಲುಬು ಕಾಣುತ್ತದೆ. ಹಾಡು ಬೇಕು ಅನ್ನಿಸಿದರೆ ಮನುಷ್ಯ ಏನಾದರೂ ಹುಡುಕುತ್ತಾನೆ.

ಆನೆಗೊಂದಿ ದಂಡೆ

ಹೆಸರು, ಊರು ಬರೆಯಿರಿ ಅಂತ ಹತ್ತಿ ಬಜಾರ್ ಅಣ್ಣ ಮೊದಲೇ ಹೇಳಿದರಲ್ಲ. ಅದರ ಬೆಲೆ ಗೊತ್ತಾಗಬೇಕಾದರೆ ಮಿಸಿಸಿಪ್ಪಿ ಜಾನ್ ಹರ್ಟ್ ಕಥೆ ನೋಡಿ. 1928ರಲ್ಲಿ ಕೆಲವು ಹಾಡು ಹಾಡಿದ. ಮಾರಾಟವಾಗಲಿಲ್ಲ. ಹೊಲದ ಕೆಲಸಕ್ಕೆ ವಾಪಸ್ ಹೋದ. 35 ವರ್ಷ ಯಾರಿಗೂ ಸುಳಿವಿಲ್ಲ. ಒಂದು ಹಾಡಿನಲ್ಲಿ ಮಾತ್ರ ತನ್ನ ಊರು ಅವಲಾನ್ ಅಂತ ಹಾಡಿದ್ದ. 1963ರಲ್ಲಿ ಒಬ್ಬ ಸಂಗ್ರಹಕಾರ ಆ ಹೆಸರನ್ನು ಹಳೇ ನಕ್ಷೆಯಲ್ಲಿ ಹುಡುಕಿ ಹೋದ. ಅಜ್ಜ ಅಲ್ಲೇ ಇದ್ದ! ಗಿಟಾರ್ ಇರಲಿಲ್ಲ, ಬಂದವನೇ ಕೊಟ್ಟ. ಅದೇ ವರ್ಷ ನ್ಯೂಪೋರ್ಟ್‌ನ ಜನಪದ ಸಂಗೀತ ಉತ್ಸವದಲ್ಲಿ ಹಾಡಿದ. 1966ರಲ್ಲಿ ತೀರಿಕೊಂಡ. ಮೂರು ವರ್ಷವಾದರೂ ಜನ ಅವನನ್ನು ಕೇಳಿದರು. ಹಾಡಿನಲ್ಲಿ ಊರಿನ ಹೆಸರು ಇತ್ತು, ಅದಕ್ಕೆ.

ಹತ್ತಿ ಬಜಾರ್ (ರಾಯಚೂರು)

ಇದನ್ನೇ ನಾನು ಹೇಳಬೇಕೆಂದಿದ್ದು.

ಹಾಡುಗಳ ಹಕ್ಕಿನ (ಕಾಪಿರೈಟ್) ವಿಷಯ ಕೆಲವರು ಮೆಸೇಜ್ ಮಾಡಿ ಕೇಳಿದ್ದೀರಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಹೊರಬಂದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. ಹಾಡು ಬರೆದವರ ಹಕ್ಕು ಬೇರೆ. ಅದು ಅವರು ತೀರಿಕೊಂಡ ಮೇಲೂ 60 ವರ್ಷ. ಆದ್ದರಿಂದ ಫೈಲ್ ಹಾಕಬೇಡಿ, ಲಿಂಕ್ ಹಾಕಿ.

ಲಿಂಗಸೂಗೂರು ರಾತ್ರಿ ಬಸ್

ನಮ್ಮ ಊರಿನಲ್ಲಿ ಹಂತಿ ಪದ ಹಾಡುವ ಅಜ್ಜ ಒಬ್ಬರಿದ್ದಾರೆ. ಕಣದಲ್ಲಿ ರಾತ್ರಿ ಎತ್ತು ತಿರುಗಿಸುವಾಗ ಒಬ್ಬರು ಹಾಡಿ ಉಳಿದವರು ಎತ್ತಿಕೊಳ್ಳುವ ಪದ. ಮಷೀನು ಬಂದ ಮೇಲೆ ಕಣವೂ ಇಲ್ಲ, ಪದಕ್ಕೆ ಸಮಯವೂ ಇಲ್ಲ. ಅಜ್ಜ ಹಾಡುತ್ತೇನೆ ಅಂದಿದ್ದಾರೆ. ಎತ್ತಿಕೊಳ್ಳಲು ಇಬ್ಬರಾದರೂ ಬೇಕಂತೆ, ಒಬ್ಬನೇ ಹಾಡಲು ಬರುವುದಿಲ್ಲ ಅಂದರು. ಫೋನಿನಲ್ಲಿ ರೆಕಾರ್ಡ್ ಮಾಡಬಹುದಾ?

ಕೌಲ್ ಬಜಾರ್ ರೇಡಿಯೋ (ಬಳ್ಳಾರಿ)

ಮಾಡಬಹುದು. ಏರೋಪ್ಲೇನ್ ಮೋಡ್ ಹಾಕು, ನಡುವೆ ಕಾಲ್ ಬರಬಾರದು. ಫ್ಯಾನ್ ಆಫ್ ಮಾಡಿಸು. ಫೋನನ್ನು ಕೈಯಲ್ಲಿ ಹಿಡಿಯಬೇಡ, ಮಡಿಸಿದ ಟವೆಲ್ ಮೇಲೆ ಇಡು. ಅಜ್ಜನಿಂದ ಎರಡು ಮೊಳ ದೂರ ಸಾಕು. ಎಂಪಿತ್ರೀ ಬೇಡ, ಅದು ಸದ್ದನ್ನು ಕುಗ್ಗಿಸುತ್ತದೆ, ವೇವ್ ಫೈಲ್‌ನಲ್ಲಿ ಇಡು. ಶುರುವಿನಲ್ಲೇ ಅಜ್ಜನ ಬಾಯಿಂದಲೇ ಹೆಸರು, ಊರು, ತಾರೀಖು, ಪದ ಯಾರಿಂದ ಕಲಿತರು, ಇಷ್ಟು ಹೇಳಿಸು. ಎಲ್ಲರಿಗೂ ಕೇಳಿಸಬಹುದಾ ಅಂತ ಕೇಳಿ, ಅವರ ಒಪ್ಪಿಗೆಯೂ ರೆಕಾರ್ಡಿನಲ್ಲೇ ಇರಲಿ. ಬೇಡ ಅಂದರೆ ಅವರ ಮನೆಯವರಿಗೆ ಮಾತ್ರ ಕೊಡು. ನನ್ನ ಹತ್ತಿರ ಎರಡು ಮೈಕ್ ಇವೆ, ಬೇಕಾದರೆ ತೆಗೆದುಕೊಂಡು ಹೋಗು.

ಮುದಗಲ್ ಕೋಟೆ

ಎತ್ತಿಕೊಳ್ಳಲು ನಾನು ಬರುತ್ತೇನೆ. ಲಿಂಗಸೂಗೂರು ನಮಗೆ ಹತ್ತಿರ. ನಮ್ಮ ಮೇಳದ ಇನ್ನೊಬ್ಬರನ್ನೂ ಕರೆತರುತ್ತೇನೆ.

ಸಂಡೂರು ಗುಡ್ಡ

ನಾನೂ ಬರುತ್ತೇನೆ. ಕೌಲ್ ಬಜಾರ್ ಸರ್, ಮೈಕ್ ನಾನೇ ತಗೊಂಡು ಹೋಗುತ್ತೇನೆ, ಶನಿವಾರ ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತೀರಿ?

ಕೌಲ್ ಬಜಾರ್ ರೇಡಿಯೋ (ಬಳ್ಳಾರಿ)

ಹತ್ತಕ್ಕೆ. ಊಟಕ್ಕೆ ಮುಂಚೆ ಬನ್ನಿ, ಸ್ಟ್ಯಾಂಡು, ವೈರು ಎಲ್ಲ ಕಟ್ಟಿ ಇಟ್ಟಿರುತ್ತೇನೆ.